ಹದಿನಾಲ್ಕರ ಮುಳ್ಳು

ಬೈಕಂಪಾಡಿಯ ಕೋಳಿಆಹಾರದ ಕಾರ್ಖಾನೆಯಲ್ಲಿ
ನನ್ನ ಕೆಲಸ ಇಷ್ಟೇ:
ಲಾರಿಯ ಹೊಟ್ಟೆಗೆ ಹಿತ್ತಾಳೆಯ ಕೊಳವೆ ಚುಚ್ಚಿ
ಒಂದು ಹಿಡಿ ಮೆಕ್ಕೆಜೋಳ ಹೊರಗೆಳೆದು
ಯಂತ್ರದ ಬಟ್ಟಲಿಗೆ ಸುರಿದು
ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡುವುದು.
ಹದಿನಾಲ್ಕರೊಳಗಿದ್ದರೆ ಗೇಟು ತೆರೆಯುತ್ತದೆ.
ದಾಟಿದರೆ
ಯಾರದೋ ಊರಿನ ಮಳೆಯನ್ನು
ವಾಪಸು ಕಳಿಸುತ್ತೇನೆ.

ಇಪ್ಪತ್ತೆರಡು ವರ್ಷವಾಯಿತು.
ಅಪೊಲಿನ್ ಬಾಯಿ ಎಂದರೆ ಗೇಟಿನವನಿಗೂ ತಿಳಿಯದು,
ತೇವದ ಬಾಯಮ್ಮ ಎಂದರೆ
ಹರಿಹರದವರೆಗೂ ಗೊತ್ತು.

ಗೋಡೆಯ ಹಲಗೆಯ ಮೇಲೆ, ಹಾರ್ಲಿಕ್ಸ್ ಬಾಟಲಿಗಳಲ್ಲಿ
ನಾನು ನೋಡದ ದೇಶಗಳು.
ಮ್ಯಾನ್ಮಾರಿನ ಕಾಳು ಕಿತ್ತಳೆ ಬಣ್ಣ, ಕಡಿದರೆ ಹಲ್ಲು ಕೇಳುತ್ತದೆ;
ಮಳೆಗಾಲ ಮುಗಿದು ನದಿ ಬಿಟ್ಟುಹೋದ ಮೆಕ್ಕಲಲ್ಲಿ
ಇಬ್ಬನಿ ಕುಡಿದು ಬೆಳೆದದ್ದು.
ಹನ್ನೆರಡೂವರೆ. ತಕರಾರಿಲ್ಲ.

ಉಕ್ರೇನಿನದು ತುದಿಯಲ್ಲಿ ಕಪ್ಪು.
ಆ ವರ್ಷ ಕೊಯ್ಲಿಗಿಂತ ಮೊದಲೇ ಹಿಮ ಬಿದ್ದಿತಂತೆ,
ತೆನೆಗಳು ಬಿಳಿ ಟೋಪಿ ಹಾಕಿಕೊಂಡು
ನಿಂತಲ್ಲೇ ಎರಡು ತಿಂಗಳು ಕಾದವಂತೆ.
ಪಣಂಬೂರಿನಲ್ಲಿ ಇಳಿದ ಹಡಗಿನ ಅಡುಗೆಯವ ಹೇಳಿದ್ದು,
ಅರ್ಧ ಕೈಸನ್ನೆಯಲ್ಲಿ. ಟೋಪಿ ನಾನು ಸೇರಿಸಿದ್ದು.

ಅರ್ಜೆಂಟೀನಾದ್ದು ಸಣ್ಣ ಕಾಳು.
ಅಲ್ಲಿ ಜನವರಿ ಎಂದರೆ ಉರಿಬಿಸಿಲು.
ಗರಿಯಿಂದ ಹುಡಿ ಉದುರುವ ಅದೇ ವಾರ
ತೆನೆಯ ರೇಷ್ಮೆ ಬಾಯಾರಿ ಸುಟ್ಟುಹೋದರೆ
ನೆಂಟ ಬಂದು ಬಾಗಿಲು ತಟ್ಟಿ ಹೋದ ಹಾಗೆ,
ದಿಂಡಿನ ಅರ್ಧ ಬೋಳು.

ಮಲಾವಿಯ ಬಾಟಲಿ ಖಾಲಿ.
ಅಲ್ಲಿಂದ ಹಡಗು ಬಂದದ್ದಿಲ್ಲ; ಅಲ್ಲಿ ಜೋಳ ಕೋಳಿಗಿಂತ ಮೊದಲು
ಮನುಷ್ಯರಿಗೆ.
ದೊಡ್ಡಮ್ಮನ ಮಗಳು ಸಿಸ್ಟರ್ ಬೆನಿಟಾ
ಬೈಬಲಿನಷ್ಟು ತೆಳು ಕಾಗದದಲ್ಲಿ ಬರೆಯುತ್ತಾಳೆ:
ಕ್ರಿಸ್ಮಸ್ ದಾಟಿತು, ಮಳೆ ಇಲ್ಲ.
ಎಳೆ ತೆನೆಗೆ ಹಾಲು ತುಂಬುವುದನ್ನು
ಮಕ್ಕಳು ಬೇಲಿಗೆ ಮುಖವಿಟ್ಟು ಕಾಯುತ್ತಿವೆ.
ಆ ಬಾಟಲಿಯನ್ನು ತಿಂಗಳಿಗೊಮ್ಮೆ ಒರೆಸುತ್ತೇನೆ. ಯಾಕೋ.

ಈ ಅಕ್ಟೋಬರಿನಲ್ಲಿ ರಾಣೆಬೆನ್ನೂರಿನ ದ್ಯಾಮಣ್ಣ
ಲಾರಿ ತಂದು ನಿಲ್ಲಿಸಿದ.
ಮುಳ್ಳು ಹತ್ತೊಂಬತ್ತಕ್ಕೆ ಹಾರಿತು.

'ಬಾಯಾರ, ಮುಳ್ಳಿಗೆ ಒಂಚೂರು ಬುದ್ಧಿ ಹೇಳ್ರಿ.
ತೆನಿ ಮುರಿಯೂ ಮುಂದ ಹಸ್ತ ಬಂತು,
ಒಕ್ಕೂ ಮುಂದ ಚಿತ್ತಿ ಬಂತು,
ಉಳದದ್ದು ಹುಲಿಕಲ್ ಘಾಟಿಯೊಳಗ ಬಂತು.'

ಸ್ವಾತಿ ಮಳೆ ಬಂದರೆ ಮುತ್ತಿನಂಥ ಜೋಳ
ಅಂತ ನಿಮ್ಮಲ್ಲಿ ಗಾದೆ ಉಂಟಲ್ಲ, ಎಂದೆ.
ಅವನು ನಕ್ಕ:
'ಅದು ಬಿಳಿಜೋಳದ ಮಾತ್ರಿ.
ಇದಕ್ಕಿನ್ನಾ ಗಾದಿ ಹುಟ್ಟಿಲ್ಲ.'

ಅಂಗಳದಲ್ಲಿ ಟಾರ್ಪಾಲು ಹಾಸಿ ಹರಡಿದೆವು.
ಒಣಗಿಸಲಿಕ್ಕೆ ಸಿಕ್ಕಿದ್ದು ಇದೇ ಊರಾ ಮಾರಾಯ!
ಡಬ್ಬಿಯೊಳಗೆ ಉಪ್ಪು ಅಳುವ ಊರು,
ಆಟಿಯಲ್ಲಿ ಒಗೆದ ಬಟ್ಟೆ
ಸೋಣಕ್ಕೆ ಒಣಗುವ ಊರು.
ಹಗಲಿಡೀ ಬಿಸಿಲು ಕಾಳನ್ನು ಹದಿನೈದೂವರೆಗೆ ಇಳಿಸಿದರೆ
ರಾತ್ರಿ ಸಮುದ್ರ ಕಳ್ಳನಂತೆ ಬಂದು
ಒಂದೂವರೆ ತುಂಬಿಸಿ ಹೋಗುತ್ತಿತ್ತು.
ದ್ಯಾಮಣ್ಣ ಬರಿಗಾಲಲ್ಲಿ ಜೋಳದೊಳಗೆ ಸಾಲು ಎಳೆಯುತ್ತಾ
ನಡೆದ, ನಡೆದ,
ಹೊಲದಲ್ಲೂ ಅಷ್ಟು ನಡೆದಿದ್ದನೋ ಇಲ್ಲವೋ.

ನಾಲ್ಕನೇ ದಿನ: ಹದಿನಾಲ್ಕೂ ಕಾಲು.
ಬೆಳಿಗ್ಗೆಯಿಂದ ಮೋಡ. ಇನ್ನು ಇಳಿಯುವುದಿಲ್ಲ.

ಪೆನ್ನು ಹಿಡಿದು ಕೂತೆ.
ಇಷ್ಟು ವರ್ಷದಲ್ಲಿ ಒಂದು ಸೊನ್ನೆ ಬದಲಿಸಿದವಳಲ್ಲ.
ಆದರೆ ಈ ಕಾಲು ಯಾರದು?
ಹಸ್ತದ್ದೂ ಅಲ್ಲ, ಚಿತ್ತದ್ದೂ ಅಲ್ಲ,
ನಮ್ಮ ಕಡಲಿನದು.
ಅದಕ್ಕೆ ಅವನ ದುಡ್ಡು ಕಡಿಯುವುದು ಹೇಗೆ?

ಹದಿನಾಲ್ಕು ಎಂದು ಬರೆದೆ.
ಕೈ ಸ್ವಲ್ಪ ಬೆವರಿತ್ತು; ಅದೂ ತೇವವೇ.

ಒಂದು ಹಿಡಿ ಬಾಟಲಿಗೆ ಹಾಕಿ ಚೀಟಿ ಅಂಟಿಸಿದೆ:
ರಾಣೆಬೆನ್ನೂರು. ಹಸ್ತ, ಚಿತ್ತ, ಒಂದು ಘಾಟಿ,
ಮೂರು ರಾತ್ರಿ ಬೈಕಂಪಾಡಿ.

ಹಿಂದಿನ ಲಾರಿ ಆಗಲೇ ಹಾರ್ನ್ ಹೊಡೆಯುತ್ತಿತ್ತು.
ಅದರ ಟಾರ್ಪಾಲಿನ ಅಂಚಿನಿಂದ
ಹೆಸರು ಕೇಳಬೇಕಾದ ಇನ್ನೊಂದು ಮಳೆ
ತೊಟ್ಟಿಕ್ಕುತ್ತಿತ್ತು.